ಪುಸ್ತಕ ಮುಟ್ಟುವ ಮುಂಚೆ

“ಅನುವಾದ ಸಾಕು, ಪುಸ್ತಕ ವಾಪಸ್ ಕೊಟ್ಟುಬಿಡಿ ಮೌಲ್ವಿಗಳೇ,” ಎನ್ನುತ್ತಾ ಅಜ್ಜಿ ಅವರ ಮನೆ ಬಾಗಿಲಲ್ಲೇ ನಿಂತು ಖಾಲಿ ಚೀಲವನ್ನು ಹಿಂಡುತ್ತಿದ್ದಳು. ತಮ್ಮ ಧರ್ಮದ ಹಾಡುಗಳನ್ನು ಅವಳ ತಾತ ಕೈಯಾರೆ ಬರೆದಿಟ್ಟಿದ್ದ ಪುಸ್ತಕ ಅದು. ಅನುವಾದಕ್ಕೆಂದು ಮೌಲ್ವಿಗಳಿಗೆ ಕೊಟ್ಟ ದಿನದಿಂದ ಅವಳಿಗೆ ನಿದ್ದೆಯಿಲ್ಲ. “ಬೇರೆ ಧರ್ಮದೋರು, ಎಲ್ಲಿ ಬಿಸಾಕಿದ್ದಾರೋ,” ಎಂದು ನೆರೆಹೊರೆಯವರು ದಿನವೂ ಕುಟುಕುತ್ತಿದ್ದರು.

ಮೌಲ್ವಿಗಳು ನಲ್ಲಿಯ ಹತ್ತಿರ ಹೋದರು. ಕೈ, ಬಾಯಿ, ಮುಖ ತೊಳೆದರು. ಆಮೇಲೆ ಮೊಣಕೈವರೆಗೂ ನೀರು ಹಾಕಿಕೊಂಡು, ತಲೆ ಸವರಿ, ಕಾಲು ತೊಳೆದರು.

“ನಮಾಜಿಗೆ ಹೊತ್ತಾಯ್ತೇನೋ. ಬೇಗ ಮುಗಿಸ್ಕೊಂಡು ಬನ್ನಿ,” ಎಂದು ಅಜ್ಜಿ ಚಡಪಡಿಸಿದಳು.

“ನಮಾಜಿಗಲ್ಲ ಅಮ್ಮಾ. ನಿಮ್ಮ ಪುಸ್ತಕ ಮುಟ್ಟೋ ಮುಂಚೆ ನಾನು ದಿನಾ ಹೀಗೇ.”

ಅಜ್ಜಿ ಚೀಲ ಹಿಂಡುವುದನ್ನು ನಿಲ್ಲಿಸಿದಳು. “ಆ ಪುಸ್ತಕದಲ್ಲಿರೋ ಎಣ್ಣೆ ಕಲೆ ನನ್ನದೇ. ಅಡುಗೆ ಕೈಯಲ್ಲೇ ತೆಗೆದು, ತಪ್ಪನ್ನ ಸೊಸೆ ಮೇಲೆ ಹಾಕಿದ್ದೆ,” ಎಂದಳು. ಖಾಲಿ ಚೀಲವನ್ನು ಮಡಚಿಕೊಂಡು, “ಇಟ್ಕೊಳ್ಳಿ. ಮುಗಿಸಿಯೇ ಕೊಡಿ,” ಎಂದಳು.