ಹೇಳದೆ ಬಂದ ಬುಧವಾರ

ಹನ್ನೊಂದನೆಯ ಸೀನಿಗೆ ಶಿದ್ರಾಮ ಎಣಿಸುವುದನ್ನು ನಿಲ್ಲಿಸಿದ.

“ಸಾಕ್ರಿ, ಮದ್ಲ ನಾಯಿನ ಹೊರಗ ಒಯ್ರಿ!” ಎಂದು ನಾಗರತ್ನಾ ಕೂಗಿದಳು. ಅವಳ ಹತ್ತು ವರ್ಷದ ಮಗಳು ಭಾಗ್ಯಾ ಹುಕ್ಕೇರಿಯ ಆ ಚಿಕ್ಕ ಮನೆಯ ಪಡಸಾಲೆಯಲ್ಲಿ ಕುಳಿತು, ಕೆಂಪಾದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ ಮತ್ತೆ ಮತ್ತೆ ಸೀನುತ್ತಿದ್ದಳು.

ಶಿದ್ರಾಮ ತನ್ನ ನಾಯಿ ಕಾಳ್ಯಾನನ್ನು ಬೀದಿಯ ಬೇವಿನ ಗಿಡಕ್ಕೆ ಕಟ್ಟಿ ಬಂದ. ಮುಖದಲ್ಲಿ ಗಾಬರಿಗಿಂತ ಸಂಶಯವೇ ಹೆಚ್ಚಾಗಿತ್ತು. ಒಂಬತ್ತು ರವಿವಾರ ಒಮ್ಮೆಯೂ ಸೀನದ ಹುಡುಗಿ ಈ ಬುಧವಾರ ಹೇಗೆ ಸೀನಿದಳು?

ಅವನು ಮೂಡಲಗಿಯ ಡೇರಿಯೊಂದರಲ್ಲಿ ಹಾಲು ಪರೀಕ್ಷಿಸುವವನು. ಹೇಳಿ ಹೋದ ದಿನ ಎಲ್ಲರ ಹಾಲೂ ಗಟ್ಟಿಯಾಗಿರುತ್ತದೆ ಎಂಬುದು ಆ ಕೆಲಸದಲ್ಲಿ ಅವನು ಕಲಿತ ಮೊದಲ ಪಾಠ. ಆದ್ದರಿಂದಲೇ, ತನ್ನ ಮತ್ತು ನಾಗರತ್ನಾಳ ಲಗ್ನಕ್ಕೆ ಹನ್ನೆರಡು ದಿನ ಉಳಿದಿರುವಾಗ, ಯಾರಿಗೂ ತಿಳಿಸದೆ ನಾಯಿಯನ್ನು ಗಾಡಿಗೆ ಹತ್ತಿಸಿಕೊಂಡು ಬಂದಿದ್ದ. ಕೊನೆಯದೊಂದು ಖಾತ್ರಿಗಾಗಿ.

ನಾಗರತ್ನಾ ಗಂಡನನ್ನು ಕಳೆದುಕೊಂಡು ಆರು ವರ್ಷ. ಶಿದ್ರಾಮನನ್ನು ಒಪ್ಪಿದಾಗ ಅವಳು ಇಟ್ಟಿದ್ದು ಒಂದೇ ಷರತ್ತು. “ನನ್ನ ಮಗಳಿಗೆ ಉಸಿರಾಡಾಕ ಆಗದ ಮನಿಗೆ ನಾ ಬರಾಂಗಿಲ್ರಿ.” ಅವನ ತಾಯಿ ಕೆಂಪವ್ವನದೂ ಅಷ್ಟೇ ಗಟ್ಟಿ ಮಾತು. ಶಿದ್ರಾಮನ ಸತ್ತ ತಂದೆಯ ಕುರಿ ಹಿಂಡನ್ನು ಕಾದ ನಾಯಿ ಅದು. “ಕಾಳ್ಯಾ ಹ್ವಾದ್ರ ಬೆನ್ನಿಗೆ ನಾನೂ ಹೊಕ್ಕೇನಿ, ತಿಳಕೊ.” ಆದರೆ ಭಾಗ್ಯಾ ಮೊದಲ ಸಲ ಕಾಳ್ಯಾನನ್ನು ಮುಟ್ಟಿದ ದಿನ ಅವಳ ಕಣ್ಣುಗಳು ಬಾತು ಮುಚ್ಚಿಹೋಗಿದ್ದವು.

ಘಟಪ್ರಭಾದ ಡಾಕ್ಟರು ಅಳೆದು ತೂಗಿ ಮಾತಾಡಿದ್ದರು. ನಾಯಿಯ ಸಹವಾಸವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಕೆಲವು ಮಕ್ಕಳ ದೇಹ ಒಗ್ಗಿಕೊಳ್ಳಬಹುದು, ಕೆಲವರದು ಒಗ್ಗದೆಯೂ ಹೋಗಬಹುದು. ಭರವಸೆ ಕೊಡಲಾಗದು. ಎದೆ ಕಟ್ಟಿದರೆ ಅಲ್ಲಿಗೇ ನಿಲ್ಲಿಸಬೇಕು.

ಶಿದ್ರಾಮ ವೇಳಾಪಟ್ಟಿ ಬರೆದ. ರವಿವಾರಕ್ಕೊಮ್ಮೆ ತಾಯಿ ಮಗಳು ಮೂಡಲಗಿಗೆ ಬಂದರು. ಮೊದಲ ವಾರ ನಾಯಿ ಅಂಗಳದ ಆಚೆಯ ತುದಿಯಲ್ಲಿ, ಐದು ನಿಮಿಷ. ಮೂರನೆಯ ವಾರ ಆರು ಅಡಿ ದೂರ. ಐದನೆಯ ವಾರ ಹುಡುಗಿಯ ಕೈಯಿಂದಲೇ ರೊಟ್ಟಿ. ಒಂಬತ್ತನೆಯ ವಾರ ಭಾಗ್ಯಾ ಕಾಳ್ಯಾನ ಬೆನ್ನಿಗೆ ತಲೆಯಿಟ್ಟು ಮುಕ್ಕಾಲು ಗಂಟೆ ಕುಳಿತಳು. ಒಂದು ಸೀನಿಲ್ಲ. ಅಂದೇ ಲಗ್ನದ ದಿನ ನಿಶ್ಚಯವಾಯಿತು.

ಆದರೂ ಅವನಿಗೆ ನೆಮ್ಮದಿ ಇರಲಿಲ್ಲ. ಹುಡುಗಿ ನಗುತ್ತಿರಲಿಲ್ಲ, ಬಂದಾಗಲೆಲ್ಲ ಆಕಳಿಸುತ್ತಿದ್ದಳು. “ಏನವಾ, ನಮ್ಮನಿ ನಿನಗ ನಿದ್ದಿ ಮನಿ ಆತೇನ? ನಾಯಿಗಿಂತ ಮದ್ಲ ನೀನ ಮಲಗ್ತಿ!” ಎಂದು ಕೆಂಪವ್ವ ಛೇಡಿಸುತ್ತಿದ್ದಳು. ಮರಳುವಾಗ ಬಸ್ಸು ಗೋಕಾಕ ಮುಟ್ಟುವ ಮೊದಲೇ ಅವಳು ನಿದ್ದೆ ಹೋಗುತ್ತಿದ್ದಳಂತೆ. ಹೊರಡುವ ಮುನ್ನ ಅವನಿಗೆ ತಪ್ಪದೆ ಒಂದು ಮಾತು ಹೇಳುತ್ತಿದ್ದಳು: “ಕಾಕಾ, ಕಾಳ್ಯಾನ ಕರ್ಕೊಂಡ ನಮ್ಮನಿಗೆ ಬರೂದಿದ್ರ ಮದ್ಲ ಹೇಳ್ರಿ. ಹೇಳದ ಬರಬ್ಯಾಡ್ರಿ.”

ಬೇಡವಾದ ಅತಿಥಿಗೆ ಹೇಳುವ ಮಾತದು ಎಂದು ಅವನು ಒಳಗೊಳಗೇ ನೊಂದಿದ್ದ.

ಇಂದಂತೂ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಶಾಲೆಯಿಂದ ಬಂದವಳು ನಾಯಿಯನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಳು. “ಇವತ್ತ ಬುಧವಾರ ಅಲ್ಲೇನ್ರಿ?” ಎಂದವಳೇ ಪಾಟಿಚೀಲದೊಂದಿಗೆ ಒಳಗೆ ಓಡಿದಳು. ಡಬ್ಬಿಯೊಂದು ತೆರೆದ ಸದ್ದು. ಬಹಳ ಹೊತ್ತು ಮೌನ. ಮತ್ತೆ ಅದೇ ಡಬ್ಬಿ ಮುಚ್ಚಿದ ಸದ್ದು. ಹೊರಗೆ ಬಂದು ನಾಯಿಯ ಪಕ್ಕ ಕುಳಿತಳು. ಐದು ನಿಮಿಷ ಕಳೆಯುವುದರೊಳಗೆ ಸೀನು ಶುರುವಾಯಿತು.

“ನಾಟಕ ಮಾಡಾಕತ್ತಾಳ,” ಎಂದ ಶಿದ್ರಾಮ, ದನಿ ತಗ್ಗಿಸಿ. “ಮೂರ ದಿನದಾಗ ಇಷ್ಟ ಹೆಂಗ ಬದಲಾಗತೈತಿ? ಒಳಗ ಹೋಗಿ ಏನೋ ಮೂಸಿ ಬಂದಾಳ. ತಪಕೀರನೋ, ಖಾರಪುಡಿನೋ.”

“ಯಾಕ ಮೂಸ್ತಾಳ್ರಿ?”

“ನಮ್ಮ ಲಗ್ನ ಆಕಿಗೆ ಬ್ಯಾಡಾಗೇತಿ, ನಾಗರತ್ನಾ.”

ಅವಳ ಮುಖ ಬಿಗಿಯಿತು. “ನನ್ನ ಮಗಳ ಹಾಲಲ್ರಿ, ನೀವ ಹೇಳದ ಕೇಳದ ಬಂದ ಕಲಬೆರಕಿ ಹುಡುಕಾಕ. ಆದ್ರ ಆಕಿ ಮನಸ್ನ್ಯಾಗ ಖರೇನ ಹಂಗ ಇದ್ರ, ಈ ಲಗ್ನ ಇಲ್ಲಿಗೆ ಬಿಡೂಣು.” ಮಗಳ ಮುಖ ತೊಳೆಯಲು ಅವಳನ್ನು ಬಚ್ಚಲಿಗೆ ಕರೆದೊಯ್ದಳು.

ಪಾಟಿಚೀಲ ಒಳಕೋಣೆಯ ಮೂಲೆಯಲ್ಲಿತ್ತು. ಮಗುವಿನ ಚೀಲಕ್ಕೆ ಕೈ ಹಾಕುವುದು ತಪ್ಪೆಂದು ಅವನಿಗೆ ತಿಳಿದಿತ್ತು. ತಿಳಿದೂ ಹಾಕಿದ. ಕಂಪಾಸ್ ಡಬ್ಬಿ ಕೈಗೆ ಸಿಕ್ಕಿತು. ತೆರೆದು ಮೂಸಿದ. ತಪಕೀರಿನ ನಶ್ಯವಿಲ್ಲ, ಖಾರಪುಡಿಯಿಲ್ಲ. ಅಳತೆಪಟ್ಟಿಯ ಅಡಿಯಲ್ಲಿ ಹತ್ತು ಗುಳಿಗೆಗಳ ಒಂದು ಸ್ಟ್ರಿಪ್ ಮಾತ್ರ ಇತ್ತು.

ಅದರ ಹೆಸರು ಅವನಿಗೆ ಗೊತ್ತಿತ್ತು. ಸೀನು, ತುರಿಕೆ ತಡೆಯಲು ಡಾಕ್ಟರು ಮೊದಲ ದಿನ ಬರೆದುಕೊಟ್ಟದ್ದು; ನುಂಗಿದರೆ ನಿದ್ದೆ ಬರುತ್ತದೆ ಎಂದೂ ಹೇಳಿದ್ದರು. ನಾಯಿಯ ಬಳಿ ಕೂರಿಸುವ ದಿನ ಮಾತ್ರ ಕೊಡಬೇಡಿ, ಕೊಟ್ಟರೆ ಏನೂ ತಿಳಿಯುವುದಿಲ್ಲ ಎಂದು ಎಚ್ಚರಿಸಿದ್ದರು. ಒಂಬತ್ತು ಗುಳಿಗೆಗಳ ಜಾಗ ಖಾಲಿಯಾಗಿತ್ತು. ಒಂದೊಂದರ ಪಕ್ಕದಲ್ಲೂ ನೀಲಿ ಪೆನ್ನಿನ ದುಂಡು ಅಕ್ಷರಗಳು: ರವಿವಾರ, ರವಿವಾರ, ರವಿವಾರ.

ಒಡೆಯದೆ ಉಳಿದಿದ್ದ ಹತ್ತನೆಯದರ ಮೇಲೆ ಬರೆದಿತ್ತು: ‘ಅವ್ವನ ಲಗ್ನ’.