ಹೇಮಪ್ಪನ ಚೀಲ

ಹೇಮಪ್ಪನ ಚೀಲ ಭಾರವಾಗಿತ್ತು. ಮಾರೆಪ್ಪನಿಗೆ ಸರಿಬರದಿದ್ದದ್ದು ಅದೇ.

ಸಿನಿಮಾದ ಬಾಂಬಿಗೆ ಇಷ್ಟು ತೂಕ ಏಕೆ? ಚರ್ಮದ ಚೀಲ ಹಿಡಿದ ಹೇಮಪ್ಪನ ಬಲಭುಜ ಒಂದು ಕಡೆಗೆ ವಾಲಿತ್ತು. ಮೈಮೇಲೆ ಮದುವೆ ಬ್ಯಾಂಡಿನವರಿಂದ ಎರವಲು ತಂದ ಕೆಂಪು ಕೋಟು, ಹಣೆಯ ತುಂಬ ಬೆವರು. ನವಲಿಯ ಸಾಹುಕಾರ ವಿರುಪಣ್ಣನ ಪಡಸಾಲೆಯಲ್ಲಿ ಅವನು ಕಳ್ಳಬೆಕ್ಕಿನ ಹಾಗೆ ನಿಂತಿದ್ದ.

ಬೆಳಗ್ಗೆ ರೊಟ್ಟಿ ಬಡಿಸುವಾಗ ಮಾರೆಪ್ಪನ ಹೆಂಡತಿ ದುರಗಮ್ಮನೂ ಎಚ್ಚರಿಸಿದ್ದಳು. "ಹೇಮಪ್ಪನ ಚೀಲದ ಮ್ಯಾಲ ಒಂದು ಕಣ್ಣಿಡ್ರಿ. ಕಲ್ಲು ಒಡಿಯೋ ಮದ್ದು ತಂದಾನಂತ ಬಾವಿ ಕಡೆ ಮಾತಾಡಾಕತ್ತಿದ್ರು. ನೀವೊಬ್ರ ಇದ್ರ ಸಾಲಂಗಿಲ್ಲ." ದುರಗಮ್ಮ ಸುಮ್ಮಸುಮ್ಮನೆ ಬಾಯಿ ಬಿಡುವವಳಲ್ಲ. ಅವಳ ತವರು ಕಾಲುವೆಯ ಕೊನೆಯ ಗದ್ದೆಗಳ ಕಡೆಯೇ ಆದ್ದರಿಂದ ಅಲ್ಲಿಯ ಸುದ್ದಿ ಮೊದಲು ಅವಳಿಗೇ ಮುಟ್ಟುತ್ತಿತ್ತು.

ಹೇಮಪ್ಪನ ಗದ್ದೆಯೂ ಅಲ್ಲೇ. ಸಿಟ್ಟಿಗೆ ಕಾರಣ ಬೇಕಾದಷ್ಟಿತ್ತು. ಎಪ್ಪತ್ತೊಂಬತ್ತರ ಆ ಶ್ರಾವಣದಲ್ಲಿ ಸಾಹುಕಾರನ ಗದ್ದೆ ತುಂಬಿ ತುಳುಕುತ್ತಿದ್ದರೂ ಅವನು ಕಾಲುವೆಯ ತೂಬನ್ನು ಕೆಳಗಿನವರಿಗೆ ಬಿಡುತ್ತಿರಲಿಲ್ಲ. ಅಲ್ಲಿ ಹಗಲಿರುಳು ಇಬ್ಬರು ಆಳುಗಳ ಕಾವಲು. ಕೊನೆಯವರ ಭತ್ತದ ಸಸಿ ಹಳದಿಗೆ ತಿರುಗಿತ್ತು. ಈ ವಾರ ನೀರು ಬಾರದಿದ್ದರೆ ವರ್ಷದ ಕೂಳಿಗೇ ಕುತ್ತು. ಹೊಟ್ಟೆ ಉರಿದವನ ಕೈಗೆ ಬಾಂಬಿನ ಚೀಲ ಕೊಡುವುದೆಂದರೇನು? ಸಾಹುಕಾರನ ಜೀವಕ್ಕೆ ಏನಾದರೂ ಆದರೆ ಜನ ಮೊದಲು ಹಿಡಿದು ಕೇಳುವುದು ಕಾವಲುಗಾರ ಮಾರೆಪ್ಪನನ್ನೇ.

ಈ ಶೂಟಿಂಗ್ ಎಂಬ ಉಸಾಬರಿ ತಂದವನು ಗಂಗಾವತಿಯ ಜಿಲಾನಸಾಬ. ಮದುವೆ ಫೋಟೊ ತೆಗೆಯುತ್ತಿದ್ದವನು ಈಗ ಡೈರೆಕ್ಟರ್ ಆಗಿದ್ದೇನೆ ಎಂದು ಬಂದಿದ್ದ. ಮೂರು ಕಾಲಿನ ಮೇಲೆ ಕ್ಯಾಮೆರಾ, ಅದರ ಮೇಲೆ ಕರಿ ಬಟ್ಟೆ. ಕಥೆ ದೂರದ ದೇಶದ ಮಹಾಯುದ್ಧದ್ದು. ಒಬ್ಬ ಸರ್ವಾಧಿಕಾರಿ. ಅವನ ಕಾಟಕ್ಕೆ ಬೇಸತ್ತ ಅವನದೇ ಅಧಿಕಾರಿಗಳು ಮೇಜಿನ ಕೆಳಗೆ ಬಾಂಬ್ ಇಡುತ್ತಾರೆ. ಬಾಂಬ್ ಇಡುವವನ ಪಾತ್ರ ಹೇಮಪ್ಪನದು. ಸರ್ವಾಧಿಕಾರಿಯ ಮುಖದ ಕಳೆ ಈ ಸೀಮೆಯಲ್ಲಿ ನಿಮಗೊಬ್ಬರಿಗೇ ಇರುವುದು ಎಂದಾಗ ವಿರುಪಣ್ಣ ಪೂರಿಯ ಹಾಗೆ ಉಬ್ಬಿದ. ತಲತಲಾಂತರದ ಹುರಿಮೀಸೆಯನ್ನು ಮೂಗಿನಗಲಕ್ಕೆ ಕತ್ತರಿಸಿಕೊಂಡ. ಕೇಳಿದ್ದು ಒಂದೇ ಮಾತು.

"ನಾ ಸಾಯಂಗಿಲ್ಲ ನೋಡು."

"ನೀವ್ಯಾಕ ಸಾಯ್ತೀರಿ ಸಾವ್ಕಾರ್ರ? ಬಾಂಬ್ ಹಾರತೈತಿ, ನೀವು ಧೂಳು ಝಾಡಿಸ್ಕೊಂಡು ಎದ್ದು ಬರ್ತೀರಿ. ಸಂಚು ನಿಮ್ಮ ಕಣ್ಣ ಮುಂದ ನಡೀತೈತಿ, ನಿಮಗ ಗೊತ್ತಾಗಂಗಿಲ್ಲ. ಅದ ಮಜಾ."

ಆಮೇಲೆ ಜಿಲಾನಸಾಬ ಗೋಡೆ ನೋಡಿ ಮುಖ ಸಿಂಡರಿಸಿದ. ಸರ್ವಾಧಿಕಾರಿಯ ಕೋಣೆಯಲ್ಲಿ ಬೀಜದ ಅಂಗಡಿಯ ಕ್ಯಾಲೆಂಡರು ಇರುತ್ತದೆಯೇ? ಸಾಹುಕಾರ ತಾನೇ ಮುಂದೆ ನಿಂತು ಗೂಟಗಳನ್ನು ಬರಿದು ಮಾಡಿದ. ಕ್ಯಾಲೆಂಡರು, ಕೊಡೆ, ಲಾಟೀನು, ತೂಬು ತೆರೆಯುವ ಹ್ಯಾಂಡಲ್, ಎತ್ತಿನ ಗೆಜ್ಜೆಸರ, ಮಾಸಿದ ರುಮಾಲು ಎಲ್ಲವನ್ನೂ ಕಸ ಗುಡಿಸುವ ಯಮನೂರಮ್ಮ ಬುಟ್ಟಿಗೆ ತುಂಬಿಕೊಂಡು ಹಿತ್ತಲಿಗೆ ಹೋದಳು. ಖಾಲಿ ಗೋಡೆಗೆ ಒಂದು ನಕ್ಷೆ ಬಂತು.

ಮಾರೆಪ್ಪ ಸಾಹುಕಾರನ ಕಿವಿಯಲ್ಲಿ ತನ್ನ ಅನುಮಾನ ಊದಿದ.

ವಿರುಪಣ್ಣ ಹೊಸ ಮೀಸೆ ಸವರಿಕೊಂಡು ನಕ್ಕ. "ಹೇಮ್ಯಾಗ ಅಷ್ಟು ಧೈರ್ಯ ಇದ್ದಿದ್ರ ಇಷ್ಟೊತ್ತಿಗೆ ನೀರು ಒಯ್ದಿರ್ತಿದ್ದ, ಹೋಗಲೇ."

ಆದರೂ ಮಾರೆಪ್ಪನ ಜೀವ ತಡೆಯಲಿಲ್ಲ. ತೂಬಿನ ಬಳಿಯಿದ್ದ ಇಬ್ಬರನ್ನೂ ಕರೆಸಿ ಸಾಹುಕಾರನ ಎಡಕ್ಕೊಬ್ಬ ಬಲಕ್ಕೊಬ್ಬನನ್ನು ನಿಲ್ಲಿಸಿದ. ಡೈರೆಕ್ಟರ್ ಬೈಯುತ್ತಾನೆ ಅಂದುಕೊಂಡಿದ್ದ. ಜಿಲಾನಸಾಬನ ಮುಖ ಹಬ್ಬವಾಯಿತು. "ಛಲೋ ಮಾಡಿದ್ರಿ ಮಾರೆಪ್ಪಣ್ಣ. ಸರ್ವಾಧಿಕಾರಿ ಅಂದ ಮ್ಯಾಲ ಸಿಪಾಯರು ಬೇಕ ಬೇಕು," ಎಂದು ಅವರ ಕೈಗೊಂದೊಂದು ಕಟ್ಟಿಗೆಯ ಬಂದೂಕು ಕೊಟ್ಟ.

ಶೂಟಿಂಗ್ ಸುರುವಾಯಿತು. ಸಾಹುಕಾರ ಮೇಜು ಗುದ್ದಿ "ನನ್ನ ಮಾತೇ ಕಾನೂನು" ಅನ್ನಬೇಕು. ಹೇಮಪ್ಪ ಚೀಲ ಇಟ್ಟು ಜಾರಬೇಕು. ಆಯಿತು ಅನ್ನುವಷ್ಟರಲ್ಲಿ ಜಿಲಾನಸಾಬ, "ಇನ್ನೊಂದು ಸಲ್ರಿ, ಭಾಳ ಛಂದ ಬರಾಕತ್ತೈತಿ," ಅನ್ನುತ್ತಿದ್ದ. ಸಾಹುಕಾರನಿಗೆ ದಣಿವೇ ಇಲ್ಲ. ಜೀವಮಾನವಿಡೀ ಹೇಳಿದ ಮಾತನ್ನೇ ಇನ್ನೊಂದು ಸಲ ಹೇಳುವುದು ಅವನಿಗೇನು ಕಷ್ಟ? ಹೇಮಪ್ಪ ಇಟ್ಟಾಗಲೆಲ್ಲ ಮಾರೆಪ್ಪ ಆ ಚೀಲವನ್ನು ಕಾಲಿನಿಂದ ಮೆಲ್ಲಗೆ ಕಂಬದಾಚೆ ನೂಕುತ್ತಿದ್ದ. ಯಾರೂ ಬೇಡ ಅನ್ನಲಿಲ್ಲ.

ಇನ್ನೊಂದು ಸಂಗತಿಯೂ ಮಾರೆಪ್ಪನ ಕಣ್ಣಿಗೆ ಬಿತ್ತು. ಹಾವಾಡಿಗ ಬಂದರೂ ಮುಗಿಬೀಳುವ ಊರು ಇದು. ಇವತ್ತು ಸಿನಿಮಾವೇ ಬಂದಿದೆ, ಸಾಹುಕಾರನ ವಾಡೆಯ ಮುಂದೆ ನರಪಿಳ್ಳೆಯಿಲ್ಲ. ಕೊನೆಯ ಗದ್ದೆಗಳ ಹೆಣ್ಣುಮಕ್ಕಳಂತೂ ಒಬ್ಬರೂ ಇತ್ತ ಸುಳಿದಿಲ್ಲ. ಬಾಂಬ್ ಹಾರುವುದು ಗೊತ್ತಿದ್ದವರು ತಾನೇ ದೂರ ಉಳಿಯುವುದು?

ಹೊತ್ತು ಇಳಿಯುವವರೆಗೂ ತಡೆದುಕೊಂಡಿದ್ದ ಮಾರೆಪ್ಪ ಕೊನೆಗೆ ಚೀಲ ಕಸಿದುಕೊಂಡು ಅಂಗಳಕ್ಕೆ ಓಡಿದ. ಕುಲದೇವರನ್ನು ನೆನೆದು ಚೀಲದ ಬಾಯಿ ಬಿಚ್ಚಿ ಸುರಿದ. ಹಳ್ಳದ ನುಣುಪು ಕಲ್ಲುಗಳು, ಜೊತೆಗೆ ಎರಡು ಜೋಳದ ರೊಟ್ಟಿ.

"ಖಾಲಿ ಚೀಲ ಹಿಡಿದ್ರ ನನಗ ಆಕ್ಟಿಂಗ್ ಬರಂಗಿಲ್ಲ ಮಾರೆಪ್ಪಣ್ಣ," ಎಂದ ಹೇಮಪ್ಪ ಸಂಕೋಚದಿಂದ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸಾಹುಕಾರ. ಮಾರೆಪ್ಪನಿಗೆ ನಾಚಿಕೆಯಾದರೂ ಎದೆಯ ಭಾರ ಇಳಿಯಿತು. ಧಣಿ ಉಳಿದ, ಅಷ್ಟು ಸಾಕು. ಜಿಲಾನಸಾಬ ಅವಸರದಲ್ಲಿ ಗಂಟು ಕಟ್ಟುವಾಗ ಕರಿ ಬಟ್ಟೆ ಒಂದಿಷ್ಟು ಜಾರಿತು. ಒಳಗೆ ಕಂಡದ್ದು ಚಿಮಣಿ ಎಣ್ಣೆಯ ಡಬ್ಬಿ, ಅದರ ಬಾಯಿಗೆ ಟಾರ್ಚಿನ ಗಾಜು. ಡಬ್ಬಿಯೊಳಗೆ ಸಿನಿಮಾ ಹೇಗೆ ಹಿಡಿಯುತ್ತಾರೋ ಎಂದು ಸೋಜಿಗಪಡುತ್ತ ಮಾರೆಪ್ಪ ಮನೆಗೆ ನಡೆದ.

ದುರಗಮ್ಮ ಆಗಷ್ಟೇ ಬಂದಿದ್ದಳು. ಸೀರೆ ಎತ್ತಿ ಕಟ್ಟಿದ್ದಳು, ಮೊಣಕಾಲಿನವರೆಗೆ ಹಸಿ ಕೆಸರು. ಗಂಡನನ್ನು ಕಂಡು ನಕ್ಕು, ಸೆರಗಿನೊಳಗಿಂದ ಉದ್ದನೆಯ ಕಬ್ಬಿಣದ ಹ್ಯಾಂಡಲೊಂದನ್ನು ತೆಗೆದು ಅವನ ಕೈಗಿಟ್ಟಳು.

"ಮುಂಜಾನಿ ಇದನ್ನ ಸಾವ್ಕಾರ್ರ ಗೂಟಕ್ಕ ತೂಗಹಾಕಿ ಬರ್ರಿ, ನಮ್ಮ ತವರ ಕಡೆ ಗದ್ದಿ ಎಲ್ಲಾ ಹೊಟ್ಟಿತುಂಬ ನೀರು ಕುಡದಾವು."