ಪರದೆ ಹಿಂದಿನ ಕಟಿಂಗ್ ಮಾಸ್ಟರು

ವಿಮೆ ಕಂಪನಿಯಿಂದ ತನಿಖೆಗೆ ಬಂದ ಅಧಿಕಾರಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ನಾನೇ ತುಂಬಿದ್ದ ಹಳೆಯ ಅರ್ಜಿಯ ಒಂದು ಸಾಲಿನ ಮೇಲೆ ಪೆನ್ನಿಟ್ಟರು. "ಉದ್ಯೋಗ: ಬಟ್ಟೆ ಹೊಲಿಯುವ ಅಂಗಡಿಯ ಮಾಲೀಕ. ಕೆಲಸ: ಮೇಲ್ವಿಚಾರಣೆ. ಇದು ನಿಮ್ಮ ಬರಹಾನೇ ಅಲ್ವಾ?" ಹೌದೆಂದೆ. "ಮೇಲ್ವಿಚಾರಣೆ ಮಾಡೋಕೆ ಬಲಗೈ ಯಾಕೆ ಬೇಕು, ಹೇಳಿ" ಎಂದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ನನ್ನ ಬಲಗೈ ಯಾರೋ ಮರೆತುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು.

ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆಯಿತು. ಪಾಲಿಸಿಯಲ್ಲಿ ಎರಡು ಭಾಗ. ದೊಡ್ಡ ಕಾಯಿಲೆ ಬಂದರೆ ಒಂದೇ ಸಲಕ್ಕೆ ಒಂದಿಷ್ಟು ದುಡ್ಡು. ಅದು ಬಂತು, ಬಂದ ಕಾಲಲ್ಲೇ ಆಸ್ಪತ್ರೆಗೆ ಹೋಯಿತು. ಇನ್ನೊಂದು, ಅರ್ಜಿಯಲ್ಲಿ ಬರೆದ ಕಸುಬನ್ನು ಮಾಡಲಾಗದ ಹಾಗೆ ಅಂಗ ಊನವಾದರೆ ತಿಂಗಳು ತಿಂಗಳೂ ಮನೆ ನಡೆಯುವಷ್ಟು. ಇನ್ನು ನಮಗೆ ಅದೊಂದೇ ದಿಕ್ಕು. ಅರ್ಜಿ ತುಂಬುವ ದಿನ ನನ್ನ ಹೆಂಡತಿ, "ದರ್ಜಿ ಅಂತ ಬರೀರಿ, ಸಾಕು" ಎಂದಿದ್ದಳು. ಮಹಾನುಭಾವ ನಾನು ಕೇಳಬೇಕಲ್ಲ? ನಿನಗೇನು ಗೊತ್ತು, ಸುಮ್ಮನಿರು ಎಂದು ಗದರಿ, ಮಾಲೀಕ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ.

ಈ ಅಂಗಡಿಗೆ ಮಾಲೀಕನೂ ನಾನೇ, ಆಳೂ ನಾನೇ. ಆದರೆ ತಾನೇ ಹೊಲಿಯುವವನಿಗಿಂತ ಹೊಲಿಸುವವನಿಗೆ ಮರ್ಯಾದೆ ಜಾಸ್ತಿ ಎಂಬ ಹುಚ್ಚು ತಲೆಗೆ ಹತ್ತಿತ್ತು. ಅದಕ್ಕೆ ಅಂಗಡಿಯ ನಡುವೆ ಒಂದು ಪರದೆ ಕಟ್ಟಿಸಿದೆ. ಗಿರಾಕಿಗಳ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಳತೆ ಬರೆದುಕೊಳ್ಳುವುದು. ಬಾಗಿಲು ತೆರೆಯುವ ಮುಂಚೆ, ಬಾಗಿಲು ಹಾಕಿದ ಮೇಲೆ ಪರದೆಯ ಹಿಂದೆ ನಿಂತು ಬಟ್ಟೆ ಕತ್ತರಿಸುವುದು. ಹೆಂಡತಿ ಹಗಲೆಲ್ಲ ಒಳಗೆ ಮಿಷನ್ ತುಳಿಯುತ್ತಿದ್ದಳು. ಸದ್ದು ಕೇಳಿದವರು ಒಳಗೆ ಕೆಲಸಗಾರರ ದಂಡೇ ಇದೆ ಎಂದುಕೊಂಡರು, ನಾನೂ ಅಲ್ಲವೆನ್ನಲಿಲ್ಲ. ತೋಳು ಬಿಗಿಯಾಯಿತೆಂದು ಯಾರಾದರೂ ತಕರಾರು ತೆಗೆದರೆ, ಪರದೆ ಸರಿಸಿ ಒಳಗೆ ಹೋಗಿ, "ಏನ್ರೀ ಮಾಸ್ಟ್ರೇ, ಕಣ್ಣು ಎಲ್ಲಿಟ್ಕೊಂಡು ಕತ್ತರಿಸ್ತೀರಿ?" ಎಂದು ನನಗೆ ನಾನೇ ಬೈದುಕೊಂಡು ಬರುತ್ತಿದ್ದೆ. ಹೆಂಡತಿ ಬಟ್ಟೆಯ ತುಂಡನ್ನು ಬಾಯಿಗೊತ್ತಿಕೊಂಡು ನಗು ತಡೆಯುತ್ತಿದ್ದಳು.

ಇದನ್ನೆಲ್ಲ ಅಧಿಕಾರಿಯ ಮುಂದೆ ಒದರಿಬಿಟ್ಟೆ. ಹುಟ್ಟಿದ ಮೇಲೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಅವರು ನಗಲಿಲ್ಲ, ಒಳ್ಳೆಯ ಮನುಷ್ಯ. ಹೆಂಡತಿ ಪರದೆಯಿಂದೀಚೆಗೆ ಬಂದು, ಕತ್ತರಿಸುತ್ತಿದ್ದುದು ಇವರೇ, ಬೇಕಾದರೆ ನಾನು ಬರೆದುಕೊಡುತ್ತೇನೆ ಎಂದಳು. ಮನೆಯವರ ಮಾತು ಲೆಕ್ಕಕ್ಕೆ ಬರುವುದಿಲ್ಲವಂತೆ. ಹೊರಗಿನವರು ಇಬ್ಬರು ಬರೆದುಕೊಟ್ಟರೆ ಪರಿಹಾರದ ಅರ್ಜಿ ಮುಂದಕ್ಕೆ ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲಿಗೇ ಮುಗಿಯಿತು ಎಂದರು.

ಪಕ್ಕದ ಫೋಟೊ ಸ್ಟುಡಿಯೋದವನು ಇಪ್ಪತ್ತು ವರ್ಷದ ಗೆಳೆಯ. ಕರೆದ ಕೂಡಲೇ ಬಂದ. ನನ್ನ ಕೈ ನೋಡಿ ಕಣ್ಣೊರೆಸಿಕೊಂಡ. ನಾನು ಬಾಯಿ ತೆರೆಯುವ ಮೊದಲೇ ಅಧಿಕಾರಿಯ ಕಡೆ ತಿರುಗಿ, ನನಗೆ ಉಪಕಾರ ಮಾಡುತ್ತಿರುವ ಹುರುಪಿನಲ್ಲಿ, "ಇವರು ಸಾಮಾನ್ಯದವರಲ್ಲ ಸಾರ್. ಒಂದು ದಿನಾನೂ ಕತ್ತರಿ ಮುಟ್ಟಿದವರಲ್ಲ. ಎಲ್ಲಾ ಜನ ಇಟ್ಟು ಮಾಡಿಸ್ತಿದ್ರು" ಎಂದುಬಿಟ್ಟ. ಅಧಿಕಾರಿ ಅದನ್ನೂ ಬರೆದುಕೊಂಡರು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

ಅಷ್ಟರಲ್ಲಿ ನನ್ನ ಹಳೆಯ ಗಿರಾಕಿ, ಶಾಲೆಯ ಹೆಡ್‌ಮೇಷ್ಟ್ರು ನನ್ನ ಆರೋಗ್ಯ ವಿಚಾರಿಸಲು ಬಂದರು. ಸುಳ್ಳಾಡದ ಮನುಷ್ಯ, ಅವರು ಬರೆದರೆ ಯಾವ ಕಂಪನಿಯಾದರೂ ನಂಬಬೇಕು. ಮೈಮೇಲೆ ನಾನು ಕತ್ತರಿಸಿದ ಕೋಟೇ ಇತ್ತು. ಜೀವ ಬಂದಂತಾಯಿತು. ಒಳಗಿನ ಮಾಸ್ಟರು ಅಂತ ಯಾರೂ ಇರಲಿಲ್ಲ, ಈ ಕೋಟಿಗೆ ಕತ್ತರಿ ಹಾಕಿದ್ದು ಇದೇ ಕೈ ಎಂದು, ಎಡಗೈಯಿಂದ ಬಲಗೈ ಎತ್ತಿ ತೋರಿಸುತ್ತ ಎಲ್ಲ ಹೇಳಿಕೊಂಡೆ. ಹೇಳುತ್ತ ಅತ್ತೇಬಿಟ್ಟೆ.

ಮೇಷ್ಟ್ರು ತಮ್ಮ ಕೋಟಿನ ಭುಜವನ್ನೊಮ್ಮೆ ಸವರಿಕೊಂಡರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, ದಾರಿ ತಪ್ಪಿದ ವಿದ್ಯಾರ್ಥಿಗೆ ಬುದ್ಧಿ ಹೇಳುವವರಂತೆ ಮೆಲ್ಲಗೆ ಹೇಳಿದರು:

"ಕಷ್ಟ ಬಂದಿದೆ, ನನಗೆ ಅರ್ಥ ಆಗುತ್ತೆ. ಆದ್ರೆ ಇನ್ನೊಬ್ಬನ ಕೈಚಳಕಾನ ನಂದು ಅಂತ ಹೇಳ್ಕೋಬಾರ್ದು. ನೀವೇನೋ ವಿಮೆ ಗಿಮೆ ಅಂತ ಓಡಾಡ್ತಿದ್ದೀರಿ. ಕೆಲಸ ನಿಂತ ಮೇಲೆ ಒಳಗಿದ್ದ ಆ ಬಡಪಾಯಿಗೆ ಏನಾದ್ರೂ ಕೊಟ್ರಾ, ಮಾಲೀಕರೇ?"